ಕಂಪ್ಯೂಟರಿಗೂ ಕಿಟಕಿ ಬೇಕು

ಬೇಸಿಗೆ ಬಂತೆಂದರೆ ನೆರೆಮನೆಯ ಹುಡುಗನ ಕಂಪ್ಯೂಟರ್ ತೆವಳತೊಡಗುತ್ತಿತ್ತು. ಫ್ಯಾನು ಮಾತ್ರ ಗಿರಣಿಯಂತೆ ಮೊರೆಯುತ್ತಿತ್ತು. ‘ಆಟ ಆಡಿ ಆಡಿ ಕೆಡಿಸಿದ್ದಾನೆ, ಹೊಸದು ಕೊಡಿಸುವುದಿಲ್ಲ’ ಎಂದು ತಂದೆಗೆ ಸಿಟ್ಟು. ನಾನು ವಿದ್ಯುತ್ ಸಂಪರ್ಕ ತಪ್ಪಿಸಿ, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆಸಿ, ಮತ್ತೆ ಚಾಲೂ ಮಾಡಿಸಿದೆ. ಕಾಲು ಗಂಟೆಯಲ್ಲಿ ಪ್ರೊಸೆಸರಿನ ತಾಪಮಾನ ಇಳಿಯಿತು, ಸದ್ದೂ ತಗ್ಗಿತು. ತಪ್ಪು ಹುಡುಗನದಲ್ಲ, ಮುಂಭಾಗಕ್ಕೆ ಗಾಜು ಜಡಿದ ಪೆಟ್ಟಿಗೆಯದು!

ಕಂಪ್ಯೂಟರ್ ಬಳಸುವ ವಿದ್ಯುತ್ತು ಬಹುತೇಕ ಶಾಖವೇ ಆಗುತ್ತದೆ. 300 ವ್ಯಾಟ್ ಬಳಸಿದರೆ, 60 ವ್ಯಾಟಿನ ಐದು ಹಳೇ ಬುರುಡೆ ಬಲ್ಬುಗಳನ್ನು ಪೆಟ್ಟಿಗೆಯೊಳಗೆ ಉರಿಸಿದಂತೆ. ಆ ಶಾಖ ಹೊರಹೋಗದಿದ್ದರೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಮುಂಭಾಗ ಜಾಲರಿಯದಿರಲಿ. ತಣ್ಣನೆಯ ಗಾಳಿ ಮುಂದಿನಿಂದ ಬಂದು, ಬಿಸಿಗಾಳಿ ಹಿಂದಿನಿಂದ, ಮೇಲಿನಿಂದ ಹೋಗಬೇಕು. ಎದುರುಬದುರು ಕಿಟಕಿಯ ಮನೆಯಂತೆ. ಫ್ಯಾನು ದೊಡ್ಡದಿರಲಿ. 80 ಮಿ.ಮೀ. ಬದಲು 120 ಮಿ.ಮೀ. ಆದರೆ ವಿಸ್ತೀರ್ಣ 2.25 ಪಟ್ಟು, ನಿಧಾನ ತಿರುಗಿದರೂ ಅಷ್ಟೇ ಗಾಳಿ ತರುತ್ತದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದರ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. ಗಾಳಿ ಒಳಬರುವಲ್ಲಿ ಬಿಚ್ಚಿ ತೊಳೆಯಬಹುದಾದ ದೂಳು ಸೋಸುವ ಪರದೆಯೂ ಇರಲಿ.

ನೆನಪಿಡಿ, ಎಷ್ಟೇ ಫ್ಯಾನು ಹಾಕಿದರೂ ಪೆಟ್ಟಿಗೆಯ ಒಳಭಾಗ ಕೋಣೆಗಿಂತ ತಂಪಾಗದು. ಆದ್ದರಿಂದ ಮೇಜಿನ ಮುಚ್ಚಿದ ಗೂಡಿನಲ್ಲಿ ಇಡಬೇಡಿ. ಹಿಂಬದಿ ಗೋಡೆಯಿಂದ ಗೇಣು ದೂರವಿರಲಿ.

ನೆರೆಮನೆಗೆ ಹೊಸ ಕಂಪ್ಯೂಟರ್ ಬರಲಿಲ್ಲ, ಜಾಲರಿಯ ಕ್ಯಾಬಿನೆಟ್ಟಷ್ಟೇ ಬಂತು. ಹಳೆಯ ಯಂತ್ರವೇ ಚೆನ್ನಾಗಿ ಓಡುತ್ತಿದೆ. ಮಕ್ಕಳನ್ನು ಬೈಯುವ ಮೊದಲು, ಪಾಲಕರೇ, ಒಮ್ಮೆ ಮುಚ್ಚಳ ತೆಗೆದು ನೋಡಿ.