ನೇಗಿಲು ವಿಭಾಗದಲ್ಲಿ ನೇಗಿಲು ಕಾಣದ ಕೋಣ

ಕರಾವಳಿಯ ಕಂಬಳವನ್ನು ಕಣ್ಣಾರೆ ನೋಡದವರೂ ಅದರ ಹೆಸರು ಕೇಳಿಯೇ ಇರುತ್ತೀರಿ. ಕೆಸರಿನಲ್ಲಿ ಜೋಡಿ ಕೋಣಗಳನ್ನು ಓಡಿಸುವ ಆಟವದು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಅದರ ವಿಭಾಗಗಳು. ಎಲ್ಲವೂ ಬೇಸಾಯದ ಮನೆಯ ಮಾತುಗಳೇ. ಹಿಂದೆ ಕೊಯಿಲು ಮುಗಿದ ಗದ್ದೆಗೆ ನೀರು ಕಟ್ಟಿ ಕೋಣಗಳನ್ನು ಓಡಿಸುತ್ತಿದ್ದರು. ಓಟವೂ ಆಗುತ್ತಿತ್ತು, ಮುಂದಿನ ಬೆಳೆಗೆ ಕೆಸರೂ ಹದವಾಗುತ್ತಿತ್ತು.

ಈಗ ಅದು ಪಕ್ಕಾ ಕ್ರೀಡೆ. ಓಟಕ್ಕೆಂದೇ ಕಟ್ಟಿದ ಜೋಡುಕರೆಗಳು, ಹೊನಲು ಬೆಳಕು, ಗುರಿ ಮುಟ್ಟಿದ್ದನ್ನು ಗುರುತಿಸಲು ಲೇಸರ್ ಕಿರಣ, ಗೆದ್ದವರಿಗೆ ಚಿನ್ನದ ಪವನು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕೋಣಗಳೊಡನೆ ಓಡಿದಾಗ ದೇಶವೇ ತಿರುಗಿ ನೋಡಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿದರು. ಅಲ್ಲಿ ನಾಟಿ ಮಾಡುವವರು ಯಾರು?

ಬದಲಾವಣೆಯೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಓಟಗಳ ಬಗ್ಗೆ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ರಾಜ್ಯವು ಕಾನೂನು ತಿದ್ದಿತು. ಅದನ್ನು 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು. ಈ ಗಲಾಟೆಯಿಂದ ಬಾರುಕೋಲಿಗೆ ಕಡಿವಾಣ ಬಿತ್ತಲ್ಲ, ಅದು ಆಗಲೇಬೇಕಿದ್ದ ಕೆಲಸ.

ನನ್ನ ಚಿಂತೆ ಬೇರೆ. ಈಚೆಗೆ ಒಂದು ಮನೆಗೆ ಹೋಗಿದ್ದೆ. ಹಟ್ಟಿಯಲ್ಲಿ ಎಣ್ಣೆ ತಿಕ್ಕಿ ಮಿರುಗುವ ಜೋಡಿ, ಒಲೆಯ ಮೇಲೆ ಅವಕ್ಕೆ ಹುರುಳಿ ಬೇಯುತ್ತಿತ್ತು. ಅಂಗಳದಲ್ಲಿ ಪವರ್ ಟಿಲ್ಲರ್. "ಇವನ್ನು ಉಳಲಿಕ್ಕೆ ಕಟ್ಟುವುದುಂಟಾ?" ಎಂದೆ. "ಎಂಥ ಸಾರ್, ಕಾಲು ಉಳುಕಿದರೆ ಈ ವರ್ಷದ ಕಂಬಳವೇ ಹೋಯಿತಲ್ಲ!" ಎಂದರು. ಅವರು ನೇಗಿಲು ವಿಭಾಗದಲ್ಲಿ ಓಡಿಸುವವರು!

ಅವರನ್ನು ದೂರುವುದಿಲ್ಲ. ಟಿಲ್ಲರ್ ಕೊಳ್ಳಿರೆಂದು ಊರೂರು ತಿರುಗಿ ಹೇಳಿದವರಲ್ಲಿ ನಾನೂ ಒಬ್ಬ. ಆದರೆ ವರ್ಷವಿಡೀ ಕೂರಿಸಿ ಸಾಕುವ ಶಕ್ತಿ ಎರಡೆಕರೆಯವನಿಗೆ ಎಲ್ಲಿಂದ ಬರಬೇಕು? ಆಟ ಹುಟ್ಟಿದ್ದು ಅವನ ಗದ್ದೆಯಲ್ಲಿ, ಈಗ ಅವನು ದಂಡೆಯ ಮೇಲೆ ನಿಂತು ನೋಡುವವನು.

ಆದ್ದರಿಂದ ಕಂಬಳ ಸಮಿತಿಗಳಿಗೆ ನನ್ನದೊಂದು ಸಲಹೆ. ಪ್ರತಿ ಕಂಬಳದಲ್ಲೂ ಆ ವರ್ಷ ನಿಜವಾಗಿ ಗದ್ದೆ ಉತ್ತ ಜೋಡಿಗಳಿಗೆಂದೇ ಒಂದು ವಿಭಾಗ ಇಡಿ. ಪವನು ಬೇಡ, ಆರು ತಿಂಗಳ ಹಿಂಡಿ, ಬಿತ್ತನೆ ಬೀಜ ಕೊಟ್ಟರೆ ಸಾಕು. ಉತ್ತದ್ದಕ್ಕೆ ಸರ್ಟಿಫಿಕೇಟು ಯಾರು ಕೊಡುತ್ತಾರೆಂದು ಒಬ್ಬರು ನಕ್ಕರು. ಯಾರ ಕೋಣ ಉಳುತ್ತದೆ, ಯಾರದು ಹಟ್ಟಿಯಲ್ಲೇ ಇರುತ್ತದೆ ಎಂಬುದು ನೆರೆಮನೆಯವರಿಗೆ ಗೊತ್ತಿಲ್ಲವೇ?