ಸಂಜೆಗೆ ಇಳಿಯುವ ರೆಪ್ಪೆ

"ಬೆಳಿಗ್ಗೆ ಚೆನ್ನಾಗೇ ಇರ್ತಾಳೆ ಡಾಕ್ಟ್ರೇ, ಸಂಜೆ ಅಡುಗೆ ಹೊತ್ತಿಗೆ ಕಣ್ಣು ಬಿಡೋಕಾಗಲ್ಲ ಅಂತಾಳೆ." ಅತ್ತೆಯ ದನಿಯಲ್ಲಿ ಅನುಮಾನವಿತ್ತು. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ನಾನೂ ರಕ್ತಹೀನತೆ ಇರಬಹುದೆಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟೆ. ತಪ್ಪು ನನ್ನದೇ. ಮೂರನೆಯ ಸಲ ಆಕೆ ಬಂದದ್ದು ಸಂಜೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. "ಮೇಲಕ್ಕೇ ನೋಡ್ತಾ ಇರಮ್ಮ" ಎಂದೆ. ನಿಮಿಷದೊಳಗೆ ಅದು ಪೂರ್ತಿ ಇಳಿಯಿತು. ಕಣ್ಣು ಮುಚ್ಚಿ ವಿಶ್ರಮಿಸಿದ ಮೇಲೆ ಮತ್ತೆ ಮೇಲೆದ್ದಿತು.

ಈ ಕಾಯಿಲೆಯ ಹೆಸರು ಮಯಸ್ತೀನಿಯಾ ಗ್ರಾವಿಸ್. ಮಾತಾಡುತ್ತಾ ಹೋದಂತೆ ದನಿ ಉಡುಗಿ ಮೂಕಳಾಗಿಬಿಡುತ್ತಿದ್ದ ಮಹಿಳೆಯೊಬ್ಬಳ ಬಗ್ಗೆ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಬರೆದಿದ್ದ.

ನರ ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಅತಿ ಸಣ್ಣ ಸಂದು. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅಲ್ಲಿ ಚೆಲ್ಲುತ್ತದೆ, ಸ್ನಾಯುವಿನ ಮೇಲಿನ ಗ್ರಾಹಕಗಳು ಹಿಡಿಯುತ್ತವೆ. ಒಂದರ ಹಿಂದೊಂದು ಸಂಕೇತ ಬಂದಾಗ ಕೈಗೆಟಕುವ ದಾಸ್ತಾನು ತಗ್ಗಿ, ಪ್ರತಿ ಸಲ ಚೆಲ್ಲುವ ಪ್ರಮಾಣ ಕಡಿಮೆಯಾಗುತ್ತದೆ. ಸ್ವಲ್ಪ ಬಿಡುವು ಸಿಕ್ಕರೆ ಮತ್ತೆ ತುಂಬುತ್ತದೆ. ಮಿದುಳಿನ ನರಕೋಶಗಳ ನಡುವಿನ ಸಂದುಗಳೂ ಹೀಗೆಯೇ. ಕೆಲವು ಬಳಸಿದಂತೆ ಕುಗ್ಗುತ್ತವೆ, ಕೆಲವು ಕ್ಷಣಕಾಲ ಚುರುಕಾಗುತ್ತವೆ. ಯಾವ ಸಂಕೇತ ಮುಂದೆ ಸಾಗಬೇಕು, ಯಾವುದು ಅಲ್ಲೇ ನಿಲ್ಲಬೇಕು ಎಂಬುದು ಇದರಿಂದಲೂ ತೀರ್ಮಾನವಾಗುತ್ತದೆ.

ಆರೋಗ್ಯವಂತರಲ್ಲಿ ರಾಸಾಯನಿಕ ಬೇಕಾದ್ದಕ್ಕಿಂತ ಹೆಚ್ಚೇ ಇರುವುದರಿಂದ ಈ ಇಳಿತ ತಿಳಿಯುವುದೇ ಇಲ್ಲ. ಮಯಸ್ತೀನಿಯಾದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಾಹಕಗಳನ್ನು ನಾಶಮಾಡಿರುತ್ತದೆ. ಹಾಗಾಗಿ ಎಲ್ಲರಲ್ಲೂ ಆಗುವ ಇಳಿತ ಇವರಲ್ಲಿ ರೆಪ್ಪೆಯಾಗಿ, ದವಡೆಯಾಗಿ, ದನಿಯಾಗಿ ಜಾರುತ್ತದೆ. ನರಕ್ಕೆ ಸೆಕೆಂಡಿಗೆ 2-3 ಬಾರಿ ಸಣ್ಣ ವಿದ್ಯುತ್ ಕೊಟ್ಟು ಸ್ನಾಯುವಿನ ಉತ್ತರ ಕುಸಿಯುವುದನ್ನು ಅಳೆಯುವ ಪರೀಕ್ಷೆಯಿದೆ, ರಕ್ತಪರೀಕ್ಷೆಯೂ ಇದೆ. 1934ರಲ್ಲಿ ಮೇರಿ ವಾಕರ್ ತೋರಿಸಿಕೊಟ್ಟ ದಾರಿಯಲ್ಲೇ ಇಂದಿನ ಪಿರಿಡೊಸ್ಟಿಗ್ಮೈನ್ ಮಾತ್ರೆ ಕೆಲಸ ಮಾಡುತ್ತದೆ: ಇರುವ ರಾಸಾಯನಿಕ ಬೇಗ ಒಡೆದುಹೋಗದಂತೆ ತಡೆಯುತ್ತದೆ.

ದಣಿವನ್ನು ನಾಟಕವೆಂದು ಕರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ಕ್ಲಿನಿಕ್ಕುಗಳಲ್ಲೂ ಇದೆ. ನನಗೆ ಅದು ಸಿಟ್ಟು ತರಿಸುತ್ತದೆ. ಎಲ್ಲ ಸುಸ್ತೂ ಮಯಸ್ತೀನಿಯಾ ಅಲ್ಲ ನಿಜ. ಇದು ಅಪರೂಪದ ಕಾಯಿಲೆ. ಆದರೆ ಕೆಲಸ ಮಾಡಿದಂತೆ ಹೆಚ್ಚಿ, ವಿಶ್ರಾಂತಿಯಿಂದ ಇಳಿಯುವ ರೆಪ್ಪೆಯ ಭಾರ, ಎರಡೆರಡಾಗಿ ಕಾಣುವುದು, ಅಗಿಯುವಾಗ ದವಡೆ ಸೋಲುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಈ ಕಾಯಿಲೆ ಇರುವವರು ಜ್ವರಕ್ಕೆಂದು ಅಂಗಡಿಯಿಂದ ಸಿಪ್ರೊಫ್ಲಾಕ್ಸಸಿನ್ ತಂದು ನುಂಗಬಾರದು, ಅದು ಬಲಹೀನತೆಯನ್ನು ಉಲ್ಬಣಿಸಬಹುದು.

ಬರುವಾಗ ಬೆಳಿಗ್ಗೆಯದೊಂದು, ಸಂಜೆಯದೊಂದು ಮುಖದ ಫೋಟೊ ತನ್ನಿ. ಹತ್ತು ಗಂಟೆಯ ಓಪಿಡಿಯಲ್ಲಿ ನಮಗೆ ಆ ರೆಪ್ಪೆ ಕಾಣಿಸುವುದಿಲ್ಲ.