ಒಂದು ಗೇಣು ಮಣ್ಣಿಗೆ ಖರಾಬು ಎಂಬ ಹೆಸರು

ಪುಣೆಯಿಂದ ಪೌಡ್ ದಾಟಿ ಪಶ್ಚಿಮಕ್ಕೆ ಹೋದರೆ ಗುಡ್ಡಗಳು ಶುರುವಾಗುತ್ತವೆ. ಅಲ್ಲೊಂದು ಇಳಿಜಾರಿನಲ್ಲಿ ನನ್ನ ಪರಿಚಯದವರೊಬ್ಬರು ನಾಲ್ಕು ವರ್ಷದ ಹಿಂದೆ ಹತ್ತು ಗುಂಟೆ ಜಾಗ ಕೊಂಡರು. ಅವರು ಇಂಡಿ ತಾಲ್ಲೂಕಿನವರು, ಭೀಮಾ ದಂಡೆಯ ಎರೆ ಹೊಲದಲ್ಲಿ ಆಡಿ ಬೆಳೆದವರು. ಮಾವಿನ ಸಸಿಗೆ ಗುಂಡಿ ತೋಡಲು ಆಳು ಹಚ್ಚಿದರೆ ಹಾರೆ ಒಂದು ಗೇಣಿಗೇ ಠಣ್ ಎಂದಿತು. ನಾಲ್ಕು ಹೆಜ್ಜೆ ಆಚೆ ತೋಡಿಸಿದರು, ಅಲ್ಲೂ ಅಷ್ಟೇ. "ಇದು ಹೊಲ ಅಲ್ರೀ, ಕಲ್ಲಿನ ಮ್ಯಾಲ ಮಣ್ಣು ಸಾರಿಸ್ಯಾರ," ಎಂದು ನನಗೆ ಫೋನಿನಲ್ಲಿ ಹೇಳಿದರು. ಮಾರಿದವರ ಸಲಹೆಯಂತೆ ಕೆಳಗಿನ ಗದ್ದೆ ಬಯಲಿನಿಂದ ಹನ್ನೊಂದು ಟಿಪ್ಪರ್ ಮಣ್ಣು ತರಿಸಿ ಸುರಿಸಿದರು. ಮೊದಲ ಜುಲೈನಲ್ಲೇ ಅದರಲ್ಲಿ ಅರ್ಧ ಹಳ್ಳ ಸೇರಿತು.

ಅವರು ಬೈದದ್ದು ಮಣ್ಣನ್ನು. ಬೈಗುಳ ತಪ್ಪು ವಿಳಾಸಕ್ಕೆ ಹೋಯಿತು ಎಂಬುದು ನನ್ನ ವಾದ.

ಈ ಮಣ್ಣು ಹೇಗಾಯಿತು ಎಂದು ಮೊದಲು ನೋಡಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು, ಒಂದು ಪದರ ಆರಿದ ಮೇಲೆ ಇನ್ನೊಂದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದಲ್ಲಿ ಆ ಬಸಾಲ್ಟ್ ಹಾಸು ಉಳಿದಿದೆ. ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಉತ್ತರ ಭಾಗವೂ ಅದರಲ್ಲೇ ಸೇರಿದೆ. ಈ ಕರಿಗಲ್ಲು ಗಾಳಿ ನೀರಿಗೆ ಸಿಕ್ಕಾಗ ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತದೆ. ಘಾಟಿನಲ್ಲಿ ರಸ್ತೆ ಕಡಿದ ಕಡೆ ಉರುಟು ಗುಂಡುಗಳ ಸುತ್ತ ಪದರ ಪದರ ಕಳಚಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ಹಾಗೆ ಕಳಚಿದ ಚಕ್ಕೆ ಪುಡಿಯಾದರೆ ಗರಸು, ಮರಾಠಿಯವರ ಮುರುಮ್. ಗರಸಿನ ಮೇಲೆ ಹುಲ್ಲು ಬೇರು ಬಿಟ್ಟು, ಕೊಳೆತು, ಮತ್ತೆ ಬೆಳೆದು ಅಂತೂ ಮಣ್ಣು ಎನ್ನಬಹುದಾದ್ದು ಉಂಟಾಗುತ್ತದೆ. ಒಂದು ಅಂಗುಲಕ್ಕೆ ಶತಮಾನಗಳೇ ಬೇಕು. ಕಡಿದಾದ ಇಳಿಜಾರಿನಲ್ಲಿ ಆದದ್ದು ನಿಲ್ಲುವುದೂ ಇಲ್ಲ. ಹುಟ್ಟುವಷ್ಟೇ ವೇಗದಲ್ಲಿ ಜಾರಿ ಹೋಗುತ್ತಿರುತ್ತದೆ. ಅದಕ್ಕೇ ಅದು ಯಾವಾಗ ನೋಡಿದರೂ ಒಂದು ಗೇಣು.

ಬಡ ಮಣ್ಣೇ? ಪೂರ್ತಿ ಹಾಗೆನ್ನಲಾಗದು. ಬಸಾಲ್ಟಿನ ಮಗುವಾದ್ದರಿಂದ ಸುಣ್ಣ, ಮೆಗ್ನೀಷಿಯಂ, ಕಬ್ಬಿಣ ಇದರಲ್ಲಿ ಸಾಕಷ್ಟಿವೆ. ಸಾರಜನಕ ಕಡಿಮೆ, ರಂಜಕ ಇದ್ದರೂ ಗಿಡಕ್ಕೆ ಸುಲಭವಾಗಿ ಸಿಕ್ಕದು. ಅತಿವೃಷ್ಟಿಯ ಶಿಖರದಂಚಿನಲ್ಲಿ ಸತ್ವ ತೊಳೆದು ಹೋಗಿ ಮಣ್ಣು ಕೆಂಪಗೆ, ಹುಳಿಯಾಗುತ್ತದೆ. ಆದರೆ ಇದರ ನಿಜವಾದ ಕೊರತೆ ನೀರು ಹಿಡಿಯುವ ಜಾಗದ್ದು. ಒಂದು ಸರಳ ಲೆಕ್ಕ ಹಾಕಿ. ಒಂದು ಗೇಣು ಆಳ, ಅದರಲ್ಲಿ ಅರ್ಧ ಕಲ್ಲುಚೂರು. ಉಳಿದರ್ಧ ಹಿಡಿದು ಗಿಡಕ್ಕೆ ಕೊಡಬಲ್ಲ ನೀರು ಹೆಚ್ಚೆಂದರೆ ಎರಡು ಸೆಂಟಿಮೀಟರ್. ಬಿಸಿಲು ಬಿದ್ದರೆ ಬೆಳೆಗೆ ಅದು ನಾಲ್ಕೈದು ದಿನಕ್ಕೆ ಸಾಕು. ಜುಲೈನಲ್ಲಿ ಇದೇ ಗುಡ್ಡದ ಮೇಲೆ ಒಂದೇ ದಿನ ಇಪ್ಪತ್ತು ಸೆಂಟಿಮೀಟರ್ ಮಳೆ ಸುರಿಯುವುದುಂಟು. ಅಂದರೆ ಈ ಮಣ್ಣು ವರ್ಷದಲ್ಲಿ ಕೆಲವು ತಿಂಗಳು ಮುಳುಗಿದ ಸ್ಪಂಜು, ಉಳಿದಂತೆ ಒಣಗಿದ ತವೆ. ಮಾವಿನ ತೋಪು ಇದಕ್ಕೆ ಹೇಳಿದ್ದಲ್ಲ.

ಹೇಳಿದ್ದು ಯಾವುದು ಎಂಬುದು ಅಲ್ಲಿನವರಿಗೆ ಗೊತ್ತಿತ್ತು. ಸಹ್ಯಾದ್ರಿಯ ಇಳಿಜಾರಿನಲ್ಲಿ ಮಹಾದೇವ ಕೋಳಿ ಮುಂತಾದ ಸಮುದಾಯದವರು ಒಂದು ವರ್ಷ ರಾಗಿ, ಮರುವರ್ಷ ಸಾವೆ, ಆಮೇಲೆ ಗುರೆಳ್ಳು ಬೆಳೆದು ಕೆಲವು ವರ್ಷ ನೆಲವನ್ನು ಹುಲ್ಲಿಗೆ ಬಿಡುತ್ತಿದ್ದರು. ಮೂರೂ ಬೆಳೆಗಳ ಬೇರು ಮೇಲ್ಮಣ್ಣಿನಲ್ಲೇ ಬಾಳುವಂಥದ್ದು, ಮೂರೂ ಮಳೆಗಾಲದೊಳಗೇ ತಮ್ಮ ಸಂಸಾರ ಮುಗಿಸಿಕೊಳ್ಳುವಂಥವು. ಬೀಳು ಬಿಟ್ಟ ವರ್ಷಗಳಲ್ಲಿ ಹುಲ್ಲು ದನಕ್ಕೆ ಆಗುತ್ತಿತ್ತು, ಬೇರು ಮಣ್ಣು ಹಿಡಿಯುತ್ತಿತ್ತು. ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆ ಹೂ ಬಿಡುವ ಕಾರವಿಯೂ ಇಂಥ ಇಳಿಜಾರಿನದೇ ಗಿಡ. ಅದರ ಕೋಲಿನಿಂದ ಗುಡಿಸಲ ಗೋಡೆ ಹೆಣೆಯುತ್ತಾರೆ.

ಕಂದಾಯದ ಕಾಗದ ಇದನ್ನೆಲ್ಲ ಒಂದೇ ಶಬ್ದದಲ್ಲಿ ಹೊಡೆದು ಹಾಕಿತು. ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಪೋಟಖರಾಬಾ ಎಂಬ ಕಲಂ ಇದೆ, ನಮ್ಮ ಪಹಣಿಯಲ್ಲಿ 'ಅ' ಖರಾಬು, 'ಬ' ಖರಾಬು. ಸರ್ಕಾರಕ್ಕೆ ತೆರಿಗೆ ಹುಟ್ಟದ ನೆಲಕ್ಕೆ ಲೆಕ್ಕದ ಅನುಕೂಲಕ್ಕಾಗಿ ಇಟ್ಟ ಹೆಸರದು. ಕಂದಾಯದ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಹೆಸರು ಸುಮ್ಮನಿರುವುದಿಲ್ಲ. ಕೇಂದ್ರ ಸರ್ಕಾರ ಪ್ರಕಟಿಸುವ ಬಂಜರು ಭೂಮಿಯ ನಕಾಶೆ ಪುಸ್ತಕದಲ್ಲೂ ಕುರುಚಲು ನೆಲ, ಕಲ್ಲು ನೆಲಗಳು ಬಂಜರಿನ ಪಟ್ಟಿಯಲ್ಲೇ ಬರುತ್ತವೆ. ಒಮ್ಮೆ ಬಂಜರು ಎಂದ ಮೇಲೆ ಅದನ್ನು ಉದ್ಧಾರ ಮಾಡಲು ಎಲ್ಲರಿಗೂ ಪರವಾನಗಿ ಸಿಕ್ಕಂತೆ: ಪ್ಲಾಟು ಹಾಕುವವರಿಗೆ, ಮುರುಮ್ ಅಗೆದು ರಸ್ತೆಗೆ ಸಾಗಿಸುವವರಿಗೆ, ಜೂನ್ ಬಂತೆಂದರೆ ಸಸಿ ಹಿಡಿದು ಹೊರಡುವವರಿಗೂ. ಸಸಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಜೊತೆ ನಾನೂ ಎರಡು ಸಲ ಹೋಗಿದ್ದೇನೆ. ಆದರೆ ಪುಣೆಯ ಟೇಕಡಿಗಳಲ್ಲಿ ಇಂದು ಕಣ್ಣು ಹಾಯಿಸಿದತ್ತ ಇರುವುದು ಹೊರದೇಶದಿಂದ ಬಂದ ಗ್ಲಿರಿಸಿಡಿಯಾ. ಅದರ ನೆರಳಿನಲ್ಲಿ ಅಲ್ಲಿನ ಹುಲ್ಲು ಉಳಿದಿಲ್ಲ. ಹಸಿರಾಯಿತು ಎಂದು ಫೋಟೋ ತೆಗೆಸಿಕೊಂಡದ್ದಂತೂ ಆಯಿತು.

ಸೌಂದರ್ಯ, ಸಸ್ಯಗಳ ಮಾತು ಬಿಡಿ, ಇಲ್ಲಿ ಪ್ರಾಣದ ಪ್ರಶ್ನೆಯೂ ಇದೆ. 2014ರ ಜುಲೈ 30ರ ಬೆಳಗ್ಗೆ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಜಾರಿತು. ಸತ್ತವರು ಸುಮಾರು 150. ಯಂತ್ರ ಹಚ್ಚಿ ಇಳಿಜಾರನ್ನು ಮಟ್ಟ ಮಾಡಿದ್ದೂ ಒಂದು ಕಾರಣವೆಂದು ಆಗ ಚರ್ಚೆಯಾಯಿತು, ಅದನ್ನು ಒಪ್ಪದವರೂ ಇದ್ದಾರೆ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳ್‌ವಾಡಿಗೂ ಅದೇ ಗತಿ. ಕಡಿದಾದ ಕೋಟೆ ಗುಡ್ಡದ ಬುಡದ ಹಾಡಿ ಅದು. ಜೆಸಿಬಿ ಹೋಗುವ ದಾರಿಯೇ ಇರಲಿಲ್ಲ, ಪರಿಹಾರದವರೂ ನಡೆದೇ ಹತ್ತಬೇಕಾಯಿತು. ಆದ್ದರಿಂದ ಎಲ್ಲ ಕುಸಿತವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಗಟ್ಟಿ ಕಲ್ಲಿನ ಮೇಲೆ ಸಡಿಲ ಮಣ್ಣು ಕೂತಿರುವಲ್ಲಿ, ಮಳೆ ಮಿತಿ ಮೀರಿದಾಗ, ನೀರು ಕಲ್ಲಿನೊಳಗೆ ಇಳಿಯಲಾರದೆ ನಡುವೆ ಸೇರಿಕೊಂಡು ಮಣ್ಣನ್ನು ಎತ್ತಿಬಿಡುತ್ತದೆ. ಅದು ಗುಡ್ಡದ ಸ್ವಭಾವ. ಸ್ವಭಾವವೇ ಹೀಗಿರುವ ಕಡೆ ನಾವಾಗಿ ಬುಡ ಕಡಿದು, ಮೇಲೆ ಹನ್ನೊಂದು ಟಿಪ್ಪರ್ ಸಡಿಲ ಮಣ್ಣು ಹೇರಿದರೆ ಏನಾದೀತು?

ಪುಣೆಯ ಯೋಜನಾ ನಿಯಮಗಳಲ್ಲಿ ಐದಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಡಕ್ಕೆ ನಿರ್ಬಂಧವಿದೆ. ಒಳ್ಳೆಯದೇ. ಆದರೆ ಇಳಿಜಾರಿನ ಜೊತೆ ಆಳವನ್ನೂ ಕೇಳಬೇಕು. ನಾಗಪುರದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆ ಆಳ, ಇಳಿಜಾರು, ಸವೆತಗಳನ್ನು ಗುರುತಿಸಿ ರಾಜ್ಯದ ಮಣ್ಣಿನ ನಕ್ಷೆ ಮಾಡಿದೆ. ಅದು ನಿಮ್ಮ ಹತ್ತು ಗುಂಟೆಯ ಮಟ್ಟಕ್ಕೆ ಇಳಿಯುವಂಥದ್ದಲ್ಲ. ಆದರೂ ಹಾರೆ ಹಿಡಿದ ಒಬ್ಬ ಆಳಿನಿಂದ ಒಂದು ತಾಸಿನಲ್ಲಿ ತಿಳಿಯುವ ಸಂಗತಿಯನ್ನು ಉತಾರೆಯಲ್ಲಿ ಖರಾಬು ಎಂದು ಬರೆಯುವ ಜಾಗದಲ್ಲಿ ಅಂಕಿಯಲ್ಲಿ ಬರೆಯಲು ಏನು ಅಡ್ಡಿ? 'ಆಳ 22 ಸೆಂ.ಮೀ., ಕೆಳಗೆ ಬಸಾಲ್ಟ್, ಹುಲ್ಲುಗಾವಲು' ಎಂದಿದ್ದರೆ ಕೊಳ್ಳುವವರು ಎರಡು ಸಲ ಯೋಚಿಸುತ್ತಾರೆ. ಪ್ಲಾಟಿನ ಬೆಲೆ ಇಳಿಯುತ್ತದೆ ಎಂದು ಮಾರುವವರು ಬೇಡವೆನ್ನುತ್ತಾರೆ, ಅದೂ ಗೊತ್ತು. ತಲೆಮಾರಿನಿಂದ ಅಲ್ಲಿರುವ ಸಣ್ಣ ರೈತನಿಗೂ ನೆಲ ಮಾರುವ ದಿನ ನಷ್ಟವಾಗಬಹುದು. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಹುಲ್ಲುಗಾವಲಾಗಿ ಉಳಿಸಿಕೊಂಡವನಿಗೆ ಸರ್ಕಾರ ವರ್ಷಕ್ಕಿಷ್ಟೆಂದು ಕೊಡಬೇಕು ಎಂದಷ್ಟೇ ಹೇಳಬಲ್ಲೆ. ಸಸಿ ನೆಡಲು ದುಡ್ಡಿದೆಯಲ್ಲ!

ಇಂಡಿಯವರಿಗೆ ನಾನು ಒಮ್ಮೆ ಹೇಳಿದ್ದೆ: ನಿಮ್ಮ ಹಳ್ಳದ ನೀರು ಮುಳಾ ನದಿಗೆ, ಅಲ್ಲಿಂದ ಮುಳಾ-ಮುಠಾ ಆಗಿ ಭೀಮೆಗೆ, ಭೀಮೆ ನಿಮ್ಮೂರಿಗೆ. ನಿಮ್ಮಪ್ಪ ಉತ್ತ ದಂಡೆಯ ಮೆಕ್ಕಲು ಇಂಥ ಗುಡ್ಡಗಳೇ ಸಾವಿರಾರು ವರ್ಷ ಗೇಣು ಗೇಣಾಗಿ ಕಳಿಸಿದ್ದು. "ಹಂಗಾರ ನನ್ನ ಹನ್ನೊಂದ ಟಿಪ್ಪರ್ ಊರಿಗೇ ಹೋತು ಅನ್ರಿ," ಎಂದು ನಕ್ಕರು. ಈಗ ನಡುವೆ ಉಜನಿ ಅಣೆಕಟ್ಟೆ ಇರುವುದರಿಂದ ಅದೂ ಖಾತ್ರಿಯಿಲ್ಲ.

ಅವರು ಮತ್ತೆ ಮಣ್ಣು ತರಿಸಲಿಲ್ಲ. ಜಾಗದ ಮುಕ್ಕಾಲು ಭಾಗ ಹುಲ್ಲಿಗೆ ಬಿಟ್ಟಿದ್ದಾರೆ, ದೀಪಾವಳಿ ಕಳೆದ ಮೇಲೆ ಕೆಳಗಿನ ವಾಡಿಯವರು ಬಂದು ಕೊಯ್ದುಕೊಂಡು ಹೋಗುತ್ತಾರೆ. ಹನ್ನೆರಡು ಮಾವಿನ ಸಸಿಗಳಲ್ಲಿ ಮೂರು ಬದುಕಿವೆ. ಆ ಮೂರರ ಬುಡದಲ್ಲಿ ಬಂಡೆ ಬಿರುಕು ಬಿಟ್ಟಿತ್ತಂತೆ.